ಕಾವಲಿನಿಂದ ಕಕ್ಷೆಗೆ: ಗ್ರಹಶೋಧನಾ ನೌಕೆಗಳ ಚರಿತ್ರೆಯಲ್ಲಿ ಕರ್ನಾಟಕದ ನೆಲ

ಗ್ರಹಾನ್ವೇಷಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ತುದಿಗಳಿಂದ ಬರೆಯಲಾಗಿದೆ. ಒಂದು ತುದಿಯಲ್ಲಿ ಉಡಾವಣಾ ವೇದಿಕೆ, ಇನ್ನೊಂದು ತುದಿಯಲ್ಲಿ ಪರಗ್ರಹದ ಅಂಗಳ. ಇವೆರಡರ ನಡುವೆ ನೌಕೆ ಕ್ರಮಿಸುವ ತಿಂಗಳುಗಟ್ಟಲೆಯ ಅವಧಿ, ಆ ಅವಧಿಯುದ್ದಕ್ಕೂ ಭೂಮಿಯ ಮೇಲೆ ನಡೆಯುವ ಆಲಿಸುವಿಕೆ, ಎಣಿಕೆ, ತಿದ್ದುಪಡಿಗಳು ಹಾಗೂ ಅದಕ್ಕೂ ಮುನ್ನ ನಡೆದ ಪರೀಕ್ಷೆಗಳು ಚರಿತ್ರೆಯ ಅಡಿಟಿಪ್ಪಣಿಯಾಗಿ ಉಳಿದುಬಿಡುತ್ತವೆ. ಭಾರತದ ಮಟ್ಟಿಗೆ ಈ ಅಡಿಟಿಪ್ಪಣಿಯ ಬಹುಭಾಗ ಕರ್ನಾಟಕದ ನೆಲದ ಮೇಲೆ ಬರೆಯಲ್ಪಟ್ಟಿದೆ. ಶ್ರೀಹರಿಕೋಟೆಯಿಂದ ಹಾರಿದ ಚಂದ್ರಯಾನ, ಮಂಗಳಯಾನಗಳು ರೂಪುಗೊಂಡದ್ದು ಬೆಂಗಳೂರಿನಲ್ಲಿ. ಅವುಗಳ ದನಿಯನ್ನು ಕೇಳಿದ್ದು ಬ್ಯಾಲಾಳು ಗ್ರಾಮದಲ್ಲಿ. ಅವುಗಳಿಗೆ ಆದೇಶ ಹೋದದ್ದು ಪೀಣ್ಯದಿಂದ. ಚಂದ್ರನ ಮೇಲೆ ಇಳಿಯುವ ಸಂವೇದಕಗಳ ಅಭ್ಯಾಸ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಕಾವಲಿನಲ್ಲಿ. ಈ ಸ್ಥಳಗಳ ಹಿನ್ನೆಲೆಯಲ್ಲಿ ಯಾಂತ್ರಿಕ ಗ್ರಹಶೋಧನೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸ್ಥಳದ ಚರಿತ್ರೆಯನ್ನು ಬಿಟ್ಟು ಸಾಧನೆಯ ಚರಿತ್ರೆಯನ್ನು ಮಾತ್ರ ಬರೆದರೆ, ಆ ಸಾಧನೆಗೆ ಯಾರು ಏನನ್ನು ತೆತ್ತರು ಎಂಬ ಪ್ರಶ್ನೆಗೆ ದಾಖಲೆಯೇ ಇಲ್ಲದಂತಾಗುತ್ತದೆ.

ಮೊದಲ ನೌಕೆ ಮತ್ತು ಅದಮಾರಿನ ವಿಜ್ಞಾನಿ

ಮಾನವನಿರ್ಮಿತ ಯಂತ್ರವೊಂದು ಬೇರೊಂದು ಗ್ರಹದ ಸಮೀಪ ಹಾಯ್ದು ಅಲ್ಲಿಂದ ಮಾಹಿತಿ ಕಳುಹಿಸಿದ ಮೊದಲ ಯಶಸ್ವಿ ಪ್ರಸಂಗ 1962ರ ಡಿಸೆಂಬರ್ 14ರದು. ಅಮೆರಿಕದ ಮ್ಯಾರಿನರ್-2 ನೌಕೆ ಅಂದು ಶುಕ್ರಗ್ರಹದ ಬಳಿಯಿಂದ ಸಾಗಿಹೋಯಿತು. ಶುಕ್ರನ ಮೇಲ್ಮೈ ವಿಪರೀತ ಬಿಸಿಯಾಗಿದೆ ಎಂಬುದು ಅದರಿಂದ ದೃಢಪಟ್ಟಿತು. ಆದರೆ ನೌಕೆಯ ಇನ್ನೊಂದು ಕೊಡುಗೆ ದೊರೆತದ್ದು ದಾರಿಯಲ್ಲಿ. ಸೂರ್ಯನಿಂದ ವಿದ್ಯುದಾವಿಷ್ಟ ಕಣಗಳ ಪ್ರವಾಹವೊಂದು ಎಡೆಬಿಡದೆ ಹೊರಹೊಮ್ಮುತ್ತದೆಯೇ ಅಥವಾ ಆಗೊಮ್ಮೆ ಈಗೊಮ್ಮೆ ಸಿಡಿಯುತ್ತದೆಯೇ ಎಂಬುದು ಆ ಕಾಲದ ವಿವಾದಾಸ್ಪದ ಪ್ರಶ್ನೆಯಾಗಿತ್ತು. ಮ್ಯಾರಿನರ್-2ರ ಅಳತೆಗಳನ್ನು ಆಧರಿಸಿ ಸೌರಮಾರುತದ ನಿರಂತರತೆಯನ್ನೂ ಭೂಕಾಂತತ್ವದ ಮೇಲೆ ಅದರ ಪರಿಣಾಮವನ್ನೂ ಸ್ಥಾಪಿಸಿದವರ ಸಾಲಿನಲ್ಲಿ, ಆಗ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಉಡುಪಿ ರಾಮಚಂದ್ರ ರಾವ್ ಅವರ ಹೆಸರಿದೆ.

ಯು. ಆರ್. ರಾವ್ ಅವರು 1932ರಲ್ಲಿ ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಅಮೆರಿಕದಲ್ಲಿದ್ದಾಗ ಪಯೋನಿಯರ್ ಸರಣಿಯ ನೌಕೆಗಳಲ್ಲಿಯೂ ಅವರ ಪ್ರಯೋಗಗಳು ಹೋದವು. 1966ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಭಾರತದ ಬಾಹ್ಯಾಕಾಶ ಕಾರ್ಯಕ್ರಮ ಗ್ರಹಶೋಧನೆಗೆ ಬಂದದ್ದು ತೀರಾ ತಡವಾಗಿ ಎಂದು ಹೇಳುವುದು ವಾಡಿಕೆ. ಸಂಸ್ಥೆಯ ಮಟ್ಟಿಗೆ ಆ ಮಾತು ನಿಜ. ವ್ಯಕ್ತಿಯ ಮಟ್ಟಿಗೆ ನೋಡಿದರೆ, ಮೊದಲ ಯಶಸ್ವಿ ಗ್ರಹನೌಕೆಯ ದತ್ತಾಂಶವನ್ನು ಓದಿದವರಲ್ಲಿ ಒಬ್ಬರೇ ಮುಂದೆ ಭಾರತದ ಮೊದಲ ಉಪಗ್ರಹವನ್ನು ಕಟ್ಟಿಸಿದರು ಎಂಬುದನ್ನು ಮರೆಯುವಂತಿಲ್ಲ.

ಅದೇ 1962ರಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಈ ಎರಡು ಘಟನೆಗಳಿಗೆ ನೇರ ಸಂಬಂಧವಿಲ್ಲ. ಆದರೂ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್ ಅವರು ಮುಂದೆ ಚಂದ್ರಯಾನ-1ರ ಕ್ಯಾಮೆರಾಗಳ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿ, 2015ರಲ್ಲಿ ಇಸ್ರೋ ಅಧ್ಯಕ್ಷರಾದರು ಎಂಬುದನ್ನು ಗಮನಿಸಿದಾಗ, ಕಾಲೇಜು ಅಂಗಳಗಳ ಪಾಲೂ ಈ ಚರಿತ್ರೆಯಲ್ಲಿ ಇದೆ ಎಂದು ಒಪ್ಪಬೇಕಾಗುತ್ತದೆ.

ಪೀಣ್ಯದ ಶೆಡ್ಡುಗಳು

1972ರಲ್ಲಿ ಸತೀಶ್ ಧವನ್ ಅವರು ಬಾಹ್ಯಾಕಾಶ ಸಂಸ್ಥೆಯ ಹೊಣೆ ಹೊತ್ತಾಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನೂ ಉಳಿಸಿಕೊಂಡರು. ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಅದೇ ವರ್ಷ ರಾವ್ ಅವರ ನೇತೃತ್ವದಲ್ಲಿ ಉಪಗ್ರಹ ಯೋಜನೆಯು ಪೀಣ್ಯ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲಿ ಶುರುವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ನೆರವಿನಿಂದ ಕಕ್ಷೆ ಸೇರಿದ 360 ಕಿಲೋಗ್ರಾಂ ತೂಕದ ಆರ್ಯಭಟ ಅಲ್ಲಿಯೇ ಸಿದ್ಧವಾಯಿತು. ದತ್ತಾಂಶ ಸ್ವೀಕರಿಸಲು ಬೇರೆ ಜಾಗವಿಲ್ಲದೆ ಶೌಚಾಲಯವೊಂದನ್ನೇ ಪರಿವರ್ತಿಸಿಕೊಂಡ ಸಂಗತಿಯನ್ನು ರಾವ್ ಅವರೇ ನೆನಪಿಸಿಕೊಂಡಿದ್ದಾರೆ. ಇಂತಹ ಪ್ರಸಂಗಗಳನ್ನು ಬಡತನದ ನಡುವಿನ ಸಾಹಸವೆಂದು ಭಾವುಕವಾಗಿ ಹೇಳುವ ಪರಿಪಾಠವಿದೆ. ಅದಕ್ಕಿಂತ ಹೆಚ್ಚಾಗಿ ಅವು ಒಂದು ಕಾರ್ಯವಿಧಾನವನ್ನು ತೋರಿಸುತ್ತವೆ. 1981ರಲ್ಲಿ ಹಾರಿದ ಆ್ಯಪಲ್ ಸಂಪರ್ಕ ಉಪಗ್ರಹದ ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿಲ್ಲದ ವೇದಿಕೆ ಬೇಕಾಗಿತ್ತು. ಅದಕ್ಕೆ ಬೆಂಗಳೂರಿನಲ್ಲಿ ಎತ್ತಿನ ಗಾಡಿಯೊಂದನ್ನು ಬಾಡಿಗೆಗೆ ತರಲಾಯಿತು. ಆ ಛಾಯಾಚಿತ್ರ ಲೋಕಪ್ರಸಿದ್ಧವಾಗಿದೆ. ಅದರಲ್ಲಿ ಕಾಣಬೇಕಾದದ್ದು ಇಲ್ಲದಿರುವಿಕೆಯಲ್ಲ, ಮರದ ಗಾಡಿ ರೇಡಿಯೊ ತರಂಗಗಳಿಗೆ ಅಡ್ಡಬರುವುದಿಲ್ಲ ಎಂಬ ಸರಳ ಭೌತಶಾಸ್ತ್ರ. ಎತ್ತುಗಳ ಪ್ರಸ್ತಾಪ ಈ ಪ್ರಬಂಧದಲ್ಲಿ ಮತ್ತೊಮ್ಮೆ ಬೇರೆ ಸಂದರ್ಭದಲ್ಲಿ ಬರಲಿದೆ.

ಪೀಣ್ಯದ ಘಟಕವೇ ಬೆಳೆದು ವಿಮಾನಪುರದ ಉಪಗ್ರಹ ಕೇಂದ್ರವಾಯಿತು. ರಾವ್ ಅವರು 2017ರ ಜುಲೈ 24ರಂದು ನಿಧನರಾದ ಬಳಿಕ, 2018ರ ಏಪ್ರಿಲ್‌ನಲ್ಲಿ, ಅದಕ್ಕೆ ಅವರ ಹೆಸರನ್ನಿಡಲಾಯಿತು. ಕೊನೆಯ ವರ್ಷಗಳವರೆಗೂ ಅವರು ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದು, ಚಂದ್ರ ಮತ್ತು ಮಂಗಳದತ್ತ ಹೊರಟ ನೌಕೆಗಳಲ್ಲಿ ಯಾವ ಉಪಕರಣ ಇರಬೇಕೆಂಬ ಚರ್ಚೆಗಳಲ್ಲಿ ಭಾಗವಹಿಸಿದರು.

ಬ್ಯಾಲಾಳು: ಆಲಿಸುವ ಬಟ್ಟಲು

ಭೂಮಿಯ ಸಮೀಪದ ಉಪಗ್ರಹಗಳೊಡನೆ ಮಾತಾಡಲು ಸಾಮಾನ್ಯ ಗಾತ್ರದ ಆಂಟೆನಾಗಳು ಸಾಕು. ಚಂದ್ರನ ದೂರ ಸುಮಾರು 3,84,000 ಕಿಲೋಮೀಟರ್. ಮಂಗಳವಾದರೋ ಕೋಟಿಗಳ ಲೆಕ್ಕ. ದೂರ ಹತ್ತುಪಟ್ಟಾದರೆ ಬಂದು ತಲುಪುವ ಸಂಕೇತದ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 2003ರ ಆಗಸ್ಟ್ 15ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಚಂದ್ರಯಾನವನ್ನು ಘೋಷಿಸಿದಾಗ ನೌಕೆಯಷ್ಟೇ ಕಿವಿಯೂ ಹೊಸದಾಗಿ ಬೇಕಾಯಿತು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳು ಗ್ರಾಮವನ್ನು ಇದಕ್ಕಾಗಿ ಆಯ್ಕೆಮಾಡಲಾಯಿತು. ಸುತ್ತ ದಿಬ್ಬಗಳಿದ್ದು ನಡುವೆ ತಗ್ಗಾದ, ಬಟ್ಟಲಿನಂತಹ ಆ ಭೂರೂಪವು ನಗರದ ರೇಡಿಯೊ ಗದ್ದಲವನ್ನು ತಡೆಯುತ್ತದೆ ಎಂಬುದು ಆಯ್ಕೆಯ ಮುಖ್ಯ ಕಾರಣ. 2008ರ ಅಕ್ಟೋಬರ್ 17ರಂದು ಕೇಂದ್ರ ಉದ್ಘಾಟನೆಯಾಯಿತು. ಐದೇ ದಿನಗಳಲ್ಲಿ, ಅಕ್ಟೋಬರ್ 22ರಂದು, ಚಂದ್ರಯಾನ-1 ಹಾರಿತು.

ಇಲ್ಲಿನ ಎರಡು ಪ್ರಧಾನ ಆಂಟೆನಾಗಳ ವ್ಯಾಸ 18 ಮೀಟರ್ ಮತ್ತು 32 ಮೀಟರ್. ಎರಡನೆಯದನ್ನು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಯು ದೇಶೀಯವಾಗಿ ನಿರ್ಮಿಸಿತು. ಭೂಮಿಯ ಆವರ್ತನೆಯಿಂದಾಗಿ ಒಂದೇ ಸ್ಥಳದ ಆಂಟೆನಾ ದಿನದ ಒಂದು ಭಾಗ ಮಾತ್ರ ನೌಕೆಯನ್ನು ಕಾಣಬಲ್ಲದು. ಉಳಿದ ಹೊತ್ತಿಗೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯದ ಕ್ಯಾನ್‌ಬೆರ್ರಾ ಕೇಂದ್ರಗಳ ಸಹಾಯ ಬೇಕಾಗುತ್ತದೆ. ಸ್ವಾವಲಂಬನೆಯ ಮಾತುಗಳ ನಡುವೆ ಈ ಅವಲಂಬನೆಯನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಭೂಮಿ ದುಂಡಗಿರುವವರೆಗೂ ಗ್ರಹಶೋಧನೆ ಹಲವು ದೇಶಗಳ ನೆರೆಹೊರೆಯ ಕೆಲಸವೇ ಸರಿ.

ಚಂದ್ರಯಾನ-1ರಲ್ಲಿ 11 ಉಪಕರಣಗಳಿದ್ದವು. ಚಂದ್ರನ ಎತ್ತರ ತಗ್ಗುಗಳನ್ನು ಲೇಸರ್ ಕಿರಣದಿಂದ ಅಳೆಯುವ ಉಪಕರಣ ಬೆಂಗಳೂರಿನ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯದ್ದು. 2008ರ ನವೆಂಬರ್ 14ರಂದು ನೌಕೆಯಿಂದ ಬೇರ್ಪಟ್ಟ ಶೋಧಕವೊಂದು ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿಯ ಸಮೀಪ ಅಪ್ಪಳಿಸಿತು. ಚಂದ್ರನ ಮಣ್ಣಿನಲ್ಲಿ ನೀರು ಮತ್ತು ಹೈಡ್ರಾಕ್ಸಿಲ್ ಅಂಶವಿರುವುದನ್ನು ನೌಕೆಯಲ್ಲಿದ್ದ ಅಮೆರಿಕದ ಖನಿಜ ಮಾಪಕ ಗುರುತಿಸಿತು. 2009ರ ಸೆಪ್ಟೆಂಬರ್‌ನಲ್ಲಿ ಇದು ಪ್ರಕಟವಾಯಿತು. ಆ ವೇಳೆಗೆ ನೌಕೆ ಮೌನವಾಗಿತ್ತು. ಚಂದ್ರನ ಸಮೀಪದ ಉಷ್ಣತೆ ನಿರೀಕ್ಷೆಗಿಂತ ಹೆಚ್ಚಾಗಿ, ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಸಂವೇದಕಗಳು ಕೆಟ್ಟವು. ತಂತ್ರಜ್ಞರು ಕಕ್ಷೆಯನ್ನು 100 ಕಿಲೋಮೀಟರಿನಿಂದ 200 ಕಿಲೋಮೀಟರಿಗೆ ಏರಿಸಿ, ಗೈರೊಸ್ಕೋಪುಗಳ ಆಧಾರದಿಂದ ಕೆಲಸ ಮುಂದುವರಿಸಿದರು. 2009ರ ಆಗಸ್ಟ್ 29ರಂದು, ಎರಡು ವರ್ಷದ ಉದ್ದೇಶಿತ ಆಯುಷ್ಯಕ್ಕೆ ಬದಲಾಗಿ 312 ದಿನಗಳ ತರುವಾಯ, ಸಂಪರ್ಕ ಕಡಿಯಿತು.

ಮಂಗಳಯಾನದ ಕಾಲದಲ್ಲಿ ಬ್ಯಾಲಾಳು ಹೆಚ್ಚು ಕಠಿಣ ಪರೀಕ್ಷೆಗೆ ಒಳಗಾಯಿತು. ಭೂಮಿಯಿಂದ ಮಂಗಳಕ್ಕೆ ಮಿತವ್ಯಯದಲ್ಲಿ ಹೋಗಬಲ್ಲ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಒದಗುತ್ತದೆ. 2012ರ ಆಗಸ್ಟ್‌ನಲ್ಲಿ ಸಚಿವ ಸಂಪುಟದ ಒಪ್ಪಿಗೆ ದೊರೆತ ಯೋಜನೆ 2013ರ ನವೆಂಬರ್ 5ರಂದು ಉಡಾವಣೆಗೊಂಡಿತು. ಮಧ್ಯೆ ಇದ್ದದ್ದು ಹದಿನೈದು ತಿಂಗಳು. ನೌಕೆಯ ಚೌಕಟ್ಟನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ತಯಾರಿಸಿಕೊಟ್ಟಿತು. ಯೋಜನೆಯ ವೆಚ್ಚ 450 ಕೋಟಿ ರೂಪಾಯಿ ಎಂಬ ಸಂಗತಿ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. ಅದಕ್ಕಿಂತ ಚರಿತ್ರಕಾರರು ಗಮನಿಸಬೇಕಾದದ್ದು ಎಂಜಿನ್ನಿನ ಪ್ರಶ್ನೆ. ಭೂಮಿಯ ಆಕರ್ಷಣೆಯಿಂದ ಹೊರಬರುವಾಗ ಉರಿದ 440 ನ್ಯೂಟನ್ ಸಾಮರ್ಥ್ಯದ ದ್ರವ ಎಂಜಿನ್ ಸುಮಾರು 300 ದಿನ ಸುಮ್ಮನಿದ್ದು, ಮಂಗಳದ ಬಳಿ ಮತ್ತೆ ಉರಿಯಬೇಕಿತ್ತು. ಇಂಧನದ ನಾಳಗಳು ಕಟ್ಟಿಕೊಂಡಿದ್ದರೆ, ಕವಾಟ ಅಂಟಿಕೊಂಡಿದ್ದರೆ ಸರಿಪಡಿಸಲು ಯಾರೂ ಇಲ್ಲ. ಈ ಭಯದಿಂದ ಇಂಧನಕ್ಕೆ ಪರ್ಯಾಯ ನಾಳಗಳನ್ನು ಮೊದಲೇ ಜೋಡಿಸಲಾಗಿತ್ತು. 2014ರ ಸೆಪ್ಟೆಂಬರ್ 22ರಂದು ಎಂಜಿನ್ನನ್ನು ಸುಮಾರು ನಾಲ್ಕು ಸೆಕೆಂಡು ಉರಿಸಿ ನೋಡಲಾಯಿತು. ಉರಿಯಿತು. ಸೆಪ್ಟೆಂಬರ್ 24ರ ಬೆಳಿಗ್ಗೆ ಅದು ಇಪ್ಪತ್ತಮೂರು ನಿಮಿಷಕ್ಕೂ ಹೆಚ್ಚು ಕಾಲ ಉರಿದು ನೌಕೆಯ ವೇಗವನ್ನು ತಗ್ಗಿಸಿತು. ಆ ಅವಧಿಯ ಒಂದು ಭಾಗದಲ್ಲಿ ನೌಕೆ ಮಂಗಳದ ಮರೆಗೆ ಸರಿದಿತ್ತು. ಮರೆಯಿಂದ ಹೊರಬಂದ ಮೇಲೂ ಅದರ ಸುದ್ದಿ ಭೂಮಿಗೆ ತಲುಪಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. ಅಂದರೆ ಪೀಣ್ಯದ ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಆಗಲೇ ಮುಗಿದುಹೋದ ಘಟನೆಯೊಂದನ್ನು ಕಾಯುತ್ತಿದ್ದರು. ಯಂತ್ರಕ್ಕೆ ಸ್ವಂತ ನಿರ್ಧಾರಶಕ್ತಿಯನ್ನು ಕೊಡಲೇಬೇಕಾದ ಅನಿವಾರ್ಯ ಇಲ್ಲಿಂದಲೇ ಹುಟ್ಟುತ್ತದೆ. ರೋಬಾಟ್ ಎಂಬ ಶಬ್ದಕ್ಕೆ ಗ್ರಹಶೋಧನೆಯಲ್ಲಿ ಇರುವ ಅರ್ಥ ಕೈಕಾಲುಗಳ ಗೊಂಬೆಯಲ್ಲ, ಆಜ್ಞೆ ತಲುಪುವ ಮೊದಲೇ ತೀರ್ಮಾನಿಸಬಲ್ಲ ಯಂತ್ರ.

ಮೊದಲ ಪ್ರಯತ್ನದಲ್ಲಿಯೇ ಮಂಗಳದ ಕಕ್ಷೆ ಸೇರಿದ ಸಾಧನೆಯನ್ನು ಕೊಂಡಾಡುವಾಗ ಅದರ ವಿಜ್ಞಾನಫಲದ ಮಿತಿಯನ್ನೂ ದಾಖಲಿಸಬೇಕು. ನೌಕೆಯಲ್ಲಿದ್ದದ್ದು ಐದು ಉಪಕರಣಗಳು. ಹೆಚ್ಚು ನಿರೀಕ್ಷೆ ಹುಟ್ಟಿಸಿದ್ದ ಮೀಥೇನ್ ಸಂವೇದಕ ತನ್ನ ರಚನೆಯ ಕಾರಣದಿಂದ ಮೀಥೇನನ್ನು ಬೇರ್ಪಡಿಸಿ ಗುರುತಿಸಲಾರದೆ, ಮಂಗಳದ ಮೇಲ್ಮೈ ಪ್ರತಿಫಲಿಸುವ ಬೆಳಕಿನ ನಕ್ಷೆ ತಯಾರಿಸಲು ಬಳಕೆಯಾಯಿತು. ಇನ್ನೊಂದೆಡೆ, ಆರು ತಿಂಗಳ ಆಯುಷ್ಯಕ್ಕೆಂದು ರೂಪಿಸಿದ ನೌಕೆ 2022ರವರೆಗೆ ಬಾಳಿತು. ದೂರದ ಕಕ್ಷೆಯಿಂದ ಮಂಗಳದ ಇಡೀ ಬಿಂಬವನ್ನು ಒಂದೇ ನೋಟಕ್ಕೆ ಹಿಡಿದ ಅದರ ಬಣ್ಣದ ಚಿತ್ರಗಳು ಇಂದಿಗೂ ಬ್ಯಾಲಾಳಿನ ದತ್ತಾಂಶ ಕೇಂದ್ರದ ಸಂಗ್ರಹದಲ್ಲಿವೆ.

ಉಳ್ಳಾರ್ತಿ ಕಾವಲು

ಕಕ್ಷೆಯಲ್ಲಿ ಸುತ್ತುವುದು ಒಂದು ಬಗೆ, ಇಳಿದು ನಡೆಯುವುದು ಇನ್ನೊಂದು ಬಗೆ. ಅನ್ಯಲೋಕದ ನೆಲದ ಮೇಲೆ ಉರುಳಿದ ಮೊದಲ ದೂರನಿಯಂತ್ರಿತ ಬಂಡಿ ಸೋವಿಯತ್ ಒಕ್ಕೂಟದ ಲೂನೊಖೋದ್-1. 1970ರ ನವೆಂಬರ್ 17ರಂದು ಚಂದ್ರನನ್ನು ತಲುಪಿದ ಅದು ಸುಮಾರು ಹತ್ತೂವರೆ ಕಿಲೋಮೀಟರ್ ಚಲಿಸಿತು. ಮಂಗಳದ ಮೇಲೆ ಮೊದಲು ಚಲಿಸಿದ್ದು 1997ರ ಸೋಜರ್ನರ್; ಅದರ ಒಟ್ಟು ಪಯಣ ಸುಮಾರು ನೂರು ಮೀಟರ್. ಆಮೇಲೆ 2004ರಲ್ಲಿ ಸ್ಪಿರಿಟ್ ಮತ್ತು ಅಪಾರ್ಚುನಿಟಿ, 2012ರಲ್ಲಿ ಕ್ಯೂರಿಯಾಸಿಟಿ, 2021ರಲ್ಲಿ ಪರ್ಸಿವಿಯರೆನ್ಸ್ ಹಾಗೂ ಚೀನಾದ ಝೂರಾಂಗ್ ಇಳಿದವು. ಪರ್ಸಿವಿಯರೆನ್ಸ್ ನೆಲ ಮುಟ್ಟಿದ ವಾರ್ತೆಯನ್ನು ನಿಯಂತ್ರಣ ಕೊಠಡಿಯಿಂದ ಘೋಷಿಸಿದ ಸ್ವಾತಿ ಮೋಹನ್ ಅವರು ಬೆಂಗಳೂರಿನಲ್ಲಿ ಜನಿಸಿ ಶಿಶುವಾಗಿದ್ದಾಗಲೇ ಅಮೆರಿಕಕ್ಕೆ ಹೋದವರು.

ಚಂದ್ರಯಾನ-2ರಲ್ಲಿ ಪರಿಭ್ರಮಕ ನೌಕೆಯೊಡನೆ ವಿಕ್ರಮ್ ಎಂಬ ಅವತರಣ ನೌಕೆಯೂ ಪ್ರಜ್ಞಾನ್ ಎಂಬ 27 ಕಿಲೋಗ್ರಾಂನ ಆರು ಚಕ್ರದ ಬಂಡಿಯೂ ಇದ್ದವು. ಚಂದ್ರನ ನೆಲವನ್ನು ಭೂಮಿಯ ಮೇಲೆ ಕಲ್ಪಿಸಿಕೊಳ್ಳದೆ ಇವನ್ನು ಪರೀಕ್ಷಿಸಲಾಗದು. ಚಂದ್ರನ ಎತ್ತರದ ಪ್ರದೇಶಗಳ ಮಣ್ಣಿಗೆ ಹೋಲುವ ಅನಾರ್ಥೊಸೈಟ್ ಶಿಲೆ ತಮಿಳುನಾಡಿನ ಸೇಲಂ-ನಾಮಕ್ಕಲ್ ಭಾಗದ ಸಿತ್ತಂಪೂಂಡಿ, ಕುನ್ನಮಲೈ ಹಳ್ಳಿಗಳ ಸುತ್ತ ದೊರೆಯುತ್ತದೆ. ಅದನ್ನು ಪುಡಿಮಾಡಿ, ಕಣಗಳ ಗಾತ್ರ ಹೊಂದಿಸಿ, ಬೆಂಗಳೂರಿಗೆ ತಂದು ಹಾಸಲಾಯಿತು. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಪಾಲು ಮಾತ್ರವಾದ್ದರಿಂದ ಬಂಡಿಯ ಭಾರವನ್ನು ಹೀಲಿಯಂ ಬಲೂನಿನಿಂದ ತಗ್ಗಿಸಿ ಓಡಿಸಿ ನೋಡಿದರು. ಆದರೆ ಆಕಾಶದಿಂದ ಇಳಿಯುತ್ತ ಕುಳಿಗಳನ್ನು ಗುರುತಿಸಿ ತಪ್ಪಿಸಿಕೊಳ್ಳುವ ಸಂವೇದಕಗಳನ್ನು ಕೊಠಡಿಯೊಳಗೆ ಪರೀಕ್ಷಿಸಲಾಗುವುದಿಲ್ಲ. ಬಯಲು ಬೇಕು, ಮರವಿಲ್ಲದ, ಮನೆಯಿಲ್ಲದ, ವಿಮಾನ ಹಾರಿಸಬಲ್ಲ ಬಯಲು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳ ಪ್ರತಿರೂಪಗಳನ್ನು ಅಗೆದು ಈ ಪರೀಕ್ಷೆಗಳನ್ನು ನಡೆಸಲಾಯಿತು. 2020ರಲ್ಲಿ ಮುಂದಿನ ಯಾನಕ್ಕಾಗಿ ಮತ್ತೆ ಯೋಜಿಸಿದ ಕುಳಿಗಳು ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳದವು.

ಇಲ್ಲಿ 'ಕಾವಲು' ಎಂಬ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳ ಪಾಲನೆಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಹೈದರಾಲಿಯ ಕಾಲದಲ್ಲಿ ಈ ತಳಿಯ ಎತ್ತುಗಳು ಸೇನೆಯ ಸಾಗಾಟಕ್ಕೆ ಬಳಕೆಯಾದವು. ಟಿಪ್ಪು ಸುಲ್ತಾನ ಇಲಾಖೆಗೆ ಅಮೃತ ಮಹಲ್ ಎಂಬ ಹೆಸರಿಟ್ಟ. ಫಿರಂಗಿಗಳನ್ನು ಎಳೆದು ವೇಗವಾಗಿ ಸಾಗಬಲ್ಲ ಆ ಎತ್ತುಗಳ ಗುಣವನ್ನು 1799ರ ನಂತರ ಕಂಪನಿ ಸರ್ಕಾರವೂ ಕಂಡುಕೊಂಡು ಇಲಾಖೆಯನ್ನು ಮುಂದುವರಿಸಿತು. ಈ ದನಗಳು ಋತುಮಾನಕ್ಕೆ ತಕ್ಕಂತೆ ಮೇಯುವುದಕ್ಕಾಗಿ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾದಿರಿಸಿದ ಹುಲ್ಲುಗಾವಲುಗಳೇ ಕಾವಲುಗಳು. ಸರ್ಕಾರಿ ದಾಖಲೆಯಲ್ಲಿ ಇಲಾಖೆಯ ಸ್ವತ್ತಾಗಿದ್ದರೂ ರೂಢಿಯಲ್ಲಿ ಅವು ಸುತ್ತಲ ಹಳ್ಳಿಗಳ ಕುರಿ, ಮೇಕೆ, ದನಗಳ ಮೇವಿನ ನೆಲೆಗಳು. ಚಳ್ಳಕೆರೆಯ ಕಂಬಳಿ ನೇಯ್ಗೆಗೆ ಬೇಕಾದ ಉಣ್ಣೆ ಈ ಹುಲ್ಲಿನಿಂದಲೇ ಬರುತ್ತಿತ್ತು ಎಂದರೆ ತಪ್ಪಾಗದು. ಕೃಷ್ಣಮೃಗಗಳಿಗೂ ಇದು ನೆಲೆ. ಕಂದಾಯದ ಭಾಷೆಯಲ್ಲಿ 'ಖಾಲಿ' ಎನಿಸಿಕೊಂಡ ಭೂಮಿ ಕುರಿಗಾಹಿಯ ಭಾಷೆಯಲ್ಲಿ ಎಂದೂ ಖಾಲಿಯಾಗಿರಲಿಲ್ಲ.

2010ರ ಆಸುಪಾಸಿನ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಭೂಮಿಯನ್ನು ರಾಜ್ಯ ಸರ್ಕಾರ ರಕ್ಷಣಾ ಸಂಶೋಧನೆ, ಪರಮಾಣು ಸಂಶೋಧನೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿತು. ಇದರಲ್ಲಿ ಬಾಹ್ಯಾಕಾಶ ಸಂಸ್ಥೆಗೆ ಉಳ್ಳಾರ್ತಿಯಲ್ಲಿ ದೊರೆತದ್ದು 573 ಎಕರೆ, ಒಟ್ಟು ಹಂಚಿಕೆಯ ಸಣ್ಣ ಪಾಲು. ಆವರಣ ಗೋಡೆಗಳು ಎದ್ದಾಗ ದನಕರುಗಳ ಹಾದಿಗಳು ಮುಚ್ಚಿದವು, ಗ್ರಾಮಸ್ಥರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಯಿತು. 2013ರಲ್ಲಿ ಪೀಠವು ಸತ್ಯಶೋಧನಾ ಸಮಿತಿಯನ್ನು ಕಳುಹಿಸಿತು. ಯೋಜನೆಗಳು ಮುಂದುವರಿದವು.

ಈ ಪ್ರಸಂಗವನ್ನು ವಿಜ್ಞಾನ ಮತ್ತು ಗ್ರಾಮಗಳ ನಡುವಣ ಜಗಳವೆಂದು ಸರಳಗೊಳಿಸುವುದು ಸರಿಯಲ್ಲ. ಯುದ್ಧದ ಎತ್ತುಗಳಿಗಾಗಿ ಅರಸರು ಕಾದಿರಿಸಿದ ಭೂಮಿ, ಯುದ್ಧಗಳು ಮುಗಿದ ಮೇಲೆ ಹಳ್ಳಿಯವರ ಬಳಕೆಗೆ ಬಂದು, ಮತ್ತೆ ರಾಷ್ಟ್ರದ ದೊಡ್ಡ ಉದ್ದೇಶವೊಂದಕ್ಕೆ ಮರಳಿತು ಎಂಬುದು ಚರಿತ್ರೆಯ ಕ್ರಮ. ಪ್ರತಿ ಬಾರಿಯೂ ಪ್ರಭುತ್ವದ ಲೆಕ್ಕದ ಪುಸ್ತಕದಲ್ಲಿ ಕಾವಲಿನ ಉಪಯೋಗ ಬರೆದಿದೆ; ಮೇಯಿಸುವವರ ಹಕ್ಕು ಬರೆದಿಲ್ಲ. ಚಂದ್ರಯಾನದ ಅಧಿಕೃತ ಇತಿಹಾಸಗಳಲ್ಲಿ ಉಳ್ಳಾರ್ತಿಯ ಹೆಸರು ಪರೀಕ್ಷಾ ಸ್ಥಳವೆಂದು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಕುಳಿ ಅಗೆದ ಕಾರ್ಮಿಕರ, ತಂತ್ರಜ್ಞರ, ಸುತ್ತಲಿನ ಕುರಿಗಾಹಿಗಳ ನೆನಪುಗಳನ್ನು ಅವರು ಬದುಕಿರುವಾಗಲೇ ಸಂಗ್ರಹಿಸುವುದು ಕರ್ನಾಟಕದ ಚರಿತ್ರಕಾರರ ಮುಂದಿರುವ ಕೆಲಸ. ಪ್ರಾಚ್ಯಪತ್ರಾಗಾರದ ಕಡತಗಳು ಈ ಕೆಲಸಕ್ಕೆ ಸಾಲವು.

ಬಿದ್ದ ನೌಕೆಯ ಪಾಠ

ಚಂದ್ರಯಾನ-2 2019ರ ಜುಲೈ 22ರಂದು ಹೊರಟು, ಸೆಪ್ಟೆಂಬರ್ 7ರ ಬೆಳಗಿನ ಜಾವ ವಿಕ್ರಮ್ ಇಳಿಯಲು ತೊಡಗಿತು. ಪೀಣ್ಯದ ಕೊಠಡಿಯ ಪರದೆಯ ಮೇಲೆ ರೇಖೆಯೊಂದು ತನ್ನ ಪಥದಿಂದ ಸರಿದು ನಿಂತುಹೋದದ್ದನ್ನು ದೇಶವೇ ದೂರದರ್ಶನದಲ್ಲಿ ನೋಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಲೋಕಸಭೆಗೆ ನೀಡಿದ ಉತ್ತರದಂತೆ, 30 ಕಿಲೋಮೀಟರ್ ಎತ್ತರದಿಂದ 7.4 ಕಿಲೋಮೀಟರ್ ವರೆಗಿನ ಮೊದಲ ಹಂತದಲ್ಲಿ ವೇಗವು ಸೆಕೆಂಡಿಗೆ 1,683 ಮೀಟರಿನಿಂದ 146 ಮೀಟರಿಗೆ ಸರಿಯಾಗಿಯೇ ಇಳಿಯಿತು. ಎರಡನೆಯ ಹಂತದಲ್ಲಿ ವೇಗದ ಇಳಿಕೆ ಉದ್ದೇಶಿಸಿದ್ದಕ್ಕಿಂತ ಹೆಚ್ಚಾಯಿತು. ನೌಕೆ ನಿಗದಿತ ಸ್ಥಳದಿಂದ 500 ಮೀಟರ್ ಒಳಗೆ ಬಿರುಸಾಗಿ ಅಪ್ಪಳಿಸಿತು. ವಿವರವಾದ ವಿಶ್ಲೇಷಣೆಯನ್ನು 2023ರಲ್ಲಿ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಅವರು ಬಹಿರಂಗವಾಗಿ ವಿವರಿಸಿದರು. ಐದು ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚು ಒತ್ತಡ ಕೊಟ್ಟವು. ಸಣ್ಣ ತಪ್ಪುಗಳು ಕೂಡುತ್ತ ಹೋದವು. ಅವನ್ನು ತಿದ್ದಿಕೊಳ್ಳಲು ನೌಕೆ ಬೇಗನೆ ತಿರುಗಬೇಕಾಯಿತು, ಆದರೆ ತಿರುಗುವ ವೇಗಕ್ಕೆ ತಂತ್ರಾಂಶ ಮಿತಿ ಹಾಕಿತ್ತು. ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್ ಚೌಕದಷ್ಟೇ ಇದ್ದುದರಿಂದ ಅದನ್ನು ಮುಟ್ಟುವ ಹಟದಲ್ಲಿ ವೇಗ ಉಳಿದುಬಿಟ್ಟಿತು.

ನಾಲ್ಕು ವರ್ಷಗಳ ಅಂತರವಿದ್ದರೂ ಇಷ್ಟು ಸ್ಪಷ್ಟವಾದ ನಿರೂಪಣೆ ಸಾರ್ವಜನಿಕ ದಾಖಲೆಗೆ ಸೇರಿದ್ದು ಶ್ಲಾಘನೀಯ. ಮೊದಲ ವಾರಗಳಲ್ಲಿ ಯೋಜನೆ ಬಹುಪಾಲು ಯಶಸ್ವಿ ಎಂದು ಶೇಕಡಾವಾರು ಅಂಕಿಗಳಲ್ಲಿ ಹೇಳಿದ ರೀತಿಗಿಂತ ಇದು ಎಷ್ಟೋ ಮೇಲು. ಮುಂದಿನ ಯಾನವನ್ನು ಯಶಸ್ಸನ್ನು ಊಹಿಸಿಕೊಂಡು ರೂಪಿಸುವ ಬದಲು, ಯಾವುದು ಹೇಗೆ ಕೆಡಬಹುದು ಎಂಬುದನ್ನು ಊಹಿಸಿಕೊಂಡು ರೂಪಿಸಲಾಯಿತು. ಮಧ್ಯದ ಐದನೆಯ ಎಂಜಿನ್ನನ್ನು ತೆಗೆಯಲಾಯಿತು. ಕಾಲುಗಳನ್ನು ಬಲಪಡಿಸಿ, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿದರೂ ತಡೆಯುವಂತೆ ಮಾಡಿದರು. ಇಂಧನ ಹೆಚ್ಚಿತು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿತು, ಇಳಿಯುವ ಕ್ಷೇತ್ರ ಸುಮಾರು 4 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಸಂವೇದಕಗಳನ್ನು ಹೆಲಿಕಾಪ್ಟರಿನಲ್ಲಿಟ್ಟು ಹಾರಿಸಿ, ಎಂಜಿನ್ ಸಹಿತ ನೌಕೆಯ ಮಾದರಿಯನ್ನು ಎತ್ತರದ ಕ್ರೇನಿನಿಂದ ತೂಗುಬಿಟ್ಟು ಮತ್ತೆ ಮತ್ತೆ ಪರೀಕ್ಷಿಸಲಾಯಿತು. ಬಿದ್ದ ಯಾನದ ಪರಿಭ್ರಮಕ ಮಾತ್ರ ಚಂದ್ರನನ್ನು ಸುತ್ತುತ್ತಲೇ ಇತ್ತು; ಹೊಸ ಕ್ಷೇತ್ರದ ಬಂಡೆ ಕುಳಿಗಳನ್ನು ಗುರುತಿಸಲು ಅದರ ಕ್ಯಾಮೆರಾದ ಚಿತ್ರಗಳೇ ನೆರವಾದವು.

2023ರ ಜುಲೈ 14ರಂದು ಹೊರಟ ಚಂದ್ರಯಾನ-3 ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷದ ಸುಮಾರಿಗೆ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಮೆತ್ತಗೆ ಇಳಿಯಿತು. ಅದರಿಂದ ಕೆಳಗಿಳಿದ 26 ಕಿಲೋಗ್ರಾಂನ ಬಂಡಿ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಉರುಳಿತು. ಆಗಸ್ಟ್ 27ರಂದು ಎದುರಿಗೆ 4 ಮೀಟರ್ ಅಗಲದ ಕುಳಿ ಕಾಣಿಸಿದಾಗ ಅದನ್ನು ಹಿಂದಿರುಗಿಸಿ ಬೇರೆ ದಾರಿ ಹಿಡಿಸಲಾಯಿತು. ಬೆಂಗಳೂರಿನ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ರೂಪಿಸಿದ ಲೇಸರ್ ಉಪಕರಣ ಮಣ್ಣನ್ನು ಕ್ಷಣಮಾತ್ರ ಆವಿಯಾಗಿಸಿ, ಆ ಬೆಳಕಿನ ರೋಹಿತದಲ್ಲಿ ಗಂಧಕವನ್ನು ಗುರುತಿಸಿತು. ನೆಲಕ್ಕೆ ಚುಚ್ಚಿದ ಉಷ್ಣತಾಮಾಪಕವು, ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್ ಮೀರುವ ಉಷ್ಣತೆ ಕೇವಲ 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವುದನ್ನು ತೋರಿಸಿತು. ದಕ್ಷಿಣದ ಆ ಭಾಗದ ನೆಲದಲ್ಲಿ ನೇರವಾಗಿ ಮಾಡಿದ ಇಂತಹ ಅಳತೆ ಅದಕ್ಕೆ ಮೊದಲು ಇರಲಿಲ್ಲ.

ಭಾಷೆಯ ಕುರಿತು ಒಂದು ಮಾತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆಯನ್ನು ಹೊರತಂದಂದಿನಿಂದ ಕನ್ನಡವು ಕಕ್ಷೆ, ಗುರುತ್ವ, ರೋಹಿತ, ಉಡಾವಣೆಗಳಂತಹ ಪದಗಳನ್ನು ಕ್ರಮೇಣ ತನ್ನದಾಗಿಸಿಕೊಂಡಿದೆ. ಕರಾವಳಿಯ 'ನೌಕೆ' ಆಕಾಶಕ್ಕೂ ಸಲ್ಲುವಂತಾಯಿತು. ಶಿರಸಿ ಸೀಮೆಯಿಂದ ಬಂದ ನಾಗೇಶ ಹೆಗಡೆಯವರಂತಹ ಬರಹಗಾರರು ಪತ್ರಿಕಾ ಅಂಕಣಗಳ ಮೂಲಕ ಬಾಹ್ಯಾಕಾಶದ ಸಂಗತಿಗಳನ್ನು ಮಲೆನಾಡಿನ ಓದುಗನ ಜಗಲಿಗೂ ತಲುಪಿಸಿದರು. ಅದೇ ಲೇಖಕರ ಪ್ರಸಿದ್ಧ ಕೃತಿಯ ಹೆಸರು 'ಇರುವುದೊಂದೇ ಭೂಮಿ' ಎಂಬುದು ಉಳ್ಳಾರ್ತಿಯ ಹಿನ್ನೆಲೆಯಲ್ಲಿ ನೆನಪಾಗುತ್ತದೆ. ಆದರೆ ಲ್ಯಾಂಡರ್ ಮತ್ತು ರೋವರ್ ಎಂಬ ಶಬ್ದಗಳು ಹಾಗೆಯೇ ಉಳಿದವು. ಅಲೆಯುವ ಬಂಡಿಗೆ ಕನ್ನಡದಲ್ಲಿ ಶಬ್ದವಿಲ್ಲದೆ ಅಲ್ಲ. ಪತ್ರಿಕಾಲಯಕ್ಕೆ ಅದನ್ನು ಹುಡುಕುವಷ್ಟು ಪುರುಸೊತ್ತು ಇರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಚಂದ್ರನ ಮಣ್ಣನ್ನು ಭೂಮಿಗೆ ತರುವ ಚಂದ್ರಯಾನ-4ಕ್ಕೂ, ಶುಕ್ರನನ್ನು ಸುತ್ತುವ ನೌಕೆಗೂ ಅನುಮೋದನೆ ನೀಡಿತು. ಶುಕ್ರ ಯೋಜನೆಯ ಮಂಜೂರಾದ ವೆಚ್ಚ 1,236 ಕೋಟಿ ರೂಪಾಯಿ. ಅದಮಾರಿನ ವಿಜ್ಞಾನಿ ತಮ್ಮ ಮೂವತ್ತರ ಹರೆಯದಲ್ಲಿ ಯಾವ ಗ್ರಹದ ದಾರಿಯ ದತ್ತಾಂಶವನ್ನು ಓದಿದ್ದರೋ ಅದೇ ಗ್ರಹಕ್ಕೆ ಬೆಂಗಳೂರಿನ ನೌಕೆ ಹೊರಡಬೇಕಾಗಿದೆ.

ಚಂದ್ರಯಾನ-3ರ ಬಂಡಿ ಸುಮಾರು 101 ಮೀಟರ್ ಚಲಿಸಿದ ಬಳಿಕ 2023ರ ಸೆಪ್ಟೆಂಬರ್ 2ರಂದು ನಿದ್ರೆಗೆ ಜಾರಿತು. ಮರುದಿನ ವಿಕ್ರಮ್ ತನ್ನ ಎಂಜಿನ್ನುಗಳನ್ನು ಮತ್ತೆ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲಕ್ಕೆ ನೆಗೆದು ಇಳಿಯಿತು. ನಾಲ್ಕರಂದು ಅದೂ ಮಲಗಿತು. ಬಂಡಿಯ ಬ್ಯಾಟರಿ ತುಂಬಿಸಿ, ಸೌರಫಲಕವನ್ನು ಮುಂದಿನ ಸೂರ್ಯೋದಯದ ದಿಕ್ಕಿಗೆ ತಿರುಗಿಸಿ, ರೇಡಿಯೊ ಗ್ರಾಹಕವನ್ನು ತೆರೆದೇ ಇಡಲಾಗಿತ್ತು. ಸೆಪ್ಟೆಂಬರ್ 22ರಿಂದ ಭೂಮಿಯಿಂದ ಕಳುಹಿಸಿದ ಕರೆಗಳಿಗೆ ಉತ್ತರ ಬರಲಿಲ್ಲ. ಆದರೆ ವಿಕ್ರಮ್ ನೌಕೆಯ ಮೇಲೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಒದಗಿಸಿದ ಒಂದು ಚಿಕ್ಕ ಪ್ರತಿಫಲಕವಿದೆ. ಅದಕ್ಕೆ ವಿದ್ಯುತ್ತು ಬೇಡ. 2023ರ ಡಿಸೆಂಬರ್ 12ರಂದು ಅಮೆರಿಕದ ಚಂದ್ರ ಪರಿಭ್ರಮಕವು ಸುಮಾರು 100 ಕಿಲೋಮೀಟರ್ ದೂರದಿಂದ ಅದರತ್ತ ಲೇಸರ್ ಕಿರಣ ಹಾಯಿಸಿತು. ಬೆಳಕು ಹಿಂದಿರುಗಿ ಬಂತು.